ನಳಿಗೆಯಲ್ಲಿ ಬಿಡಾರ ಹೂಡಿದ ಗುಂಡಿಗೊಂದು ದೂರು

ಡಿಲನ್, ಮೊಂಟಾನಾ
ಬೇಟೆಯ ಋತು ಮುಗಿದ ಮರುದಿನ

ಮಾನ್ಯ ಗುಂಡು ಮಹಾಶಯರೇ,

ಶನಿವಾರ ಬೆಳಿಗ್ಗೆ ನನ್ನ ಮಾವನವರ ಕೋವಿಯ ನಳಿಗೆಯಲ್ಲಿ ಬಿಡಾರ ಹೂಡಿ, ಸಂಜೆ ಹಿತ್ತಾಳೆ ಸರಳಿನ ಏಟಿಗೆ ಮಣಿದು ಹೊರಬಂದು, ಈಗ ನನ್ನ ಮೇಜಿನ ಮೇಲೆ ವಿರಾಜಮಾನರಾಗಿರುವ ತಮಗೆ ಅನಂತ ನಮಸ್ಕಾರಗಳು. ಹಾರುವುದೇ ಕುಲಕಸುಬಾದ ವಂಶದಲ್ಲಿ ಹುಟ್ಟಿಯೂ ಕೂತಲ್ಲೇ ಕೂತ ತಮ್ಮ ಸ್ಥಿರಚಿತ್ತಕ್ಕೆ ಮೊದಲು ಅಭಿನಂದನೆ ಸಲ್ಲಿಸಿ, ಆಮೇಲೆ ದೂರಿಗೆ ಬರುತ್ತೇನೆ.

ಮಾವ ಹಾಲ್ವರ್ ಅವರು ಅಂಗಡಿಯ ತೋಟಾವನ್ನು ಎಂದೂ ಕೋವಿಗೆ ಹಾಕಿದವರಲ್ಲ. ಖಾಲಿ ಹಿತ್ತಾಳೆ ಕವಚಕ್ಕೆ ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸಿ, ತಮ್ಮ ತೋಟಾ ತಾವೇ ಮಾಡಿಕೊಳ್ಳುವವರು. ಈ ವರ್ಷ ಅವರ ಕೈ ನಡುಗತೊಡಗಿ, ಆ ಕೆಲಸ ಏನೂ ಗೊತ್ತಿಲ್ಲದ ನನ್ನ ಪಾಲಿಗೆ ಬಂತು. "ಅಪ್ಪ ಇದೇ ಕೊನೇ ಬೇಟೆ ಅಂತಿದ್ದಾರೆ. ಸರಿಯಾಗಿ ಮಾಡಿಕೊಡು, ನಿನ್ನ ದಮ್ಮಯ್ಯ" ಎಂದು ಹೆಂಡತಿ ಜೊಲೀನ್ ಹೇಳಿದಾಗ, ತಮ್ಮಂಥ ಗಣ್ಯರನ್ನು ನಂಬಿ ಒಪ್ಪಿಕೊಂಡೆ.

ಗುಂಡು ಎಷ್ಟು ಮುಂದಕ್ಕೆ ಚಾಚಿರಬೇಕು ಎಂಬುದನ್ನು ತಿಳಿಸಲು ಮಾವನವರ ಡಬ್ಬಿಯಲ್ಲಿ ಮದ್ದಿಲ್ಲದ ಮಾದರಿ ತೋಟಾ ಇತ್ತು. ಅದಕ್ಕೆ ತಕ್ಕಂತೆ ಒತ್ತುವ ಯಂತ್ರವನ್ನು ಹೊಂದಿಸಿ ತಮ್ಮನ್ನೂ ತಮ್ಮ ಬಂಧುಗಳನ್ನೂ ಕೂರಿಸಿದೆ. ಆದರೆ ಕೋವಿಗೆ ಹಾಕಿದರೆ ನಳಿಗೆಯ ಹಿಂಬದಿಯ ಅಗುಳಿಯಾದ ಬೋಲ್ಟ್ ಮುಚ್ಚಲು ತೋಳಿನ ಬಲವೆಲ್ಲ ಬೇಕಾಯಿತು. ಪಕ್ಕದ ಮನೆಯ ವೆರ್ನ್, "ಹಿತ್ತಾಳೆ ಸರಿಯಾಗಿ ಒತ್ತಿಲ್ಲ ಕಣಯ್ಯ" ಎಂದ, ಮತ್ತೆ ಒತ್ತಿದೆ. ಕೋವಿ ಅಂಗಡಿಯವನು, "ಎಣ್ಣೆ ಜಾಸ್ತಿ ಆಗಿದೆ" ಎಂದ, ಒರೆಸಿದೆ. ಅಂತರಜಾಲದ ಮಹಾನುಭಾವರೊಬ್ಬರು ಬಿಗಿ ಇದ್ದಷ್ಟೂ ಗುರಿ ಚೆನ್ನ ಎಂದು ಬರೆದಿದ್ದರು. ಏನೂ ಮಾಡಬೇಕಿಲ್ಲದ ಸಲಹೆ ಇದೊಂದೇ ಆದ್ದರಿಂದ ಇದನ್ನೇ ನಂಬಿದೆ. ಅಭ್ಯಾಸದ ದಿನ ತಮ್ಮ ಬಂಧುಗಳು ಹಲಗೆಯಲ್ಲಿ ಒಂದೇ ಕಡೆ ತೂತು ಕೊರೆದು ನನ್ನ ಅಜ್ಞಾನಕ್ಕೆ ಪ್ರಮಾಣಪತ್ರ ನೀಡಿದ ಉಪಕಾರವನ್ನು ಮರೆಯುವಂತಿಲ್ಲ.

ಶನಿವಾರ ಮುಳ್ಳುತಂತಿ ಬೇಲಿ ದಾಟುವ ಮೊದಲು, ವಾಡಿಕೆಯಂತೆ ಕೋವಿ ಖಾಲಿ ಮಾಡಲು ಮಾವ ಬೋಲ್ಟ್ ಎಳೆದರು. ಹಿತ್ತಾಳೆ ಬಂತು, ಮದ್ದು ಕೋವಿಯೊಳಗೆಲ್ಲ ಚೆಲ್ಲಿತು, ತಾವು ಬರಲಿಲ್ಲ. ಬೇಲಿಯಾಚೆ ದೊಡ್ಡ ಕೊಂಬಿನ ಎಲ್ಕ್ ಜಿಂಕೆಯೊಂದು ಅಡ್ಡಲಾಗಿ ನಿಂತು, ನಮ್ಮನ್ನು ಸಾವಕಾಶವಾಗಿ ನೋಡಿ, ಹೊರಟುಹೋಯಿತು. "ಏನಪ್ಪಾ ಅಳಿಯಂದ್ರೇ, ತೋಟಾ ಮಾಡಿದ್ದೋ, ಬೆಣೆ ಮಾಡಿದ್ದೋ?" ಎಂದರು ಮಾವ. ತಮ್ಮ ಬೆನ್ನಿಗೆ ಇನ್ನೊಂದು ತೋಟಾ ಹಾಕಿ ಹೊಡೆದಿದ್ದರೆ ಕೋವಿ ಅವರ ಮುಖದೆದುರೇ ಸಿಡಿಯುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

ಮನೆಗೆ ಬಂದು ತಮ್ಮನ್ನು ಹೊರಹಾಕಿದ ಮೇಲೆ ಮಾವ ಆ ಮಾದರಿ ತೋಟಾವನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ನಂದಲ್ಲ. ಆರ್ಡಿಸ್‌ದು" ಎಂದರು. ಆರ್ಡಿಸ್ ಎಂದರೆ ತೀರಿಕೊಂಡ ನನ್ನ ಅತ್ತೆ; ಅವರದೂ ಅದೇ ಅಳತೆಯ ಕೋವಿ. ಹೊಡೆದು ಹೊಡೆದು ನಳಿಗೆಯ ಗಂಟಲು ಸವೆದಿದ್ದರಿಂದ ಅದಕ್ಕೆ ಮಾತ್ರ ಗುಂಡನ್ನು ಮುಂದಕ್ಕೆ ಚಾಚಿ ಕೂರಿಸುತ್ತಿದ್ದರಂತೆ. ಮಾವನವರ ಸವೆಯದ ನಳಿಗೆಯಲ್ಲಿ ಹಾಗೆ ಚಾಚಿದ ತಾವು ಸಿಕ್ಕಿಕೊಂಡದ್ದು ಅದಕ್ಕೇ. ಅತ್ತೆ ಹೋದಾಗಿನಿಂದ ಕಪಾಟಿನಲ್ಲೇ ಇದ್ದ ಆ ಕೋವಿಯನ್ನು ಮಾವ ತೆಗೆದು, ಒರೆಸಿ, ಅಂಗಳಕ್ಕೆ ಒಯ್ದು ನನ್ನ ತೋಟಾ ಹಾಕಿದರು. ಬೋಲ್ಟ್ ಒಂದು ಬೆರಳಿಗೆ ಮುಚ್ಚಿಕೊಂಡಿತು. "ಅವಳಿಗೆ ಮಾಡಿಟ್ಟಿದ್ದೀಯಲ್ಲೋ ಮಾರಾಯ" ಎಂದು ಮುಖ ತಿರುಗಿಸಿಕೊಂಡರು. ನನಗೂ ಅಳು ಬಂತು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಶನಿವಾರದ ಎಲ್ಕನ್ನು ಅದೇ ಭಂಗಿಯಲ್ಲಿ ವಾಪಸು ಮಾಡಿಸಬೇಕು. ನಾನು ಇನ್ನೊಮ್ಮೆ ಬೋಲ್ಟನ್ನು ಬಲವಂತವಾಗಿ ಮುಚ್ಚಲು ಹೊರಟರೆ ಸ್ಥಳದಲ್ಲೇ ನನ್ನ ಕೆನ್ನೆಗೆ ಬಾರಿಸಲು ಯೋಗ್ಯ ಸಿಬ್ಬಂದಿಯನ್ನು ನೇಮಿಸಬೇಕು.

ತಮ್ಮ ಮೇಲಿನ ವಿಶ್ವಾಸ ಕಳೆದುಕೊಂಡೂ ಪದ್ಧತಿಗಾಗಿ
ತಮ್ಮ ವಿಶ್ವಾಸಿ,
ರಸ್ಸೆಲ್ ಬ್ರಾಕ್

ಮರೆತ ಮಾತು: ಋತುವಿನ ಕೊನೆಯ ದಿನವಾದ ನಿನ್ನೆ ಮಾವ ಅತ್ತೆಯವರ ಕೋವಿಯನ್ನು ಹೆಗಲಿಗೇರಿಸಿ ಸಂಜೆಯವರೆಗೂ ಬೆಟ್ಟ ಸುತ್ತಿದರು. ಎಲ್ಕಿನ ಬಾಲವೂ ಕಾಣಲಿಲ್ಲ. ಇಳಿದು ಬರುವಾಗ, "ಉಳಿದ ತೋಟಾ ಬಿಚ್ಚಬೇಡ, ಮುಂದಿನ ವರ್ಷಕ್ಕೆ ಬೇಕು" ಎಂದರು. ತಮ್ಮ ಬಂಧುಗಳೆಲ್ಲ ಬರುತ್ತಾರೆ. ತಮಗೆ ಆಹ್ವಾನವಿಲ್ಲ.