ಬಿಚ್ಚದ ಬೆರಳಿಗೆ ಸ್ಪೇನಿನ ಗಿಟಾರು

ನಮ್ಮೂರು ಮಂಕಿಯಲ್ಲಿ ಗಂಡಸು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಅದು ಒಂದು ವಾರದ ಸುದ್ದಿ. ಗಿಟಾರು ಹಿಡಿದು ಕೂತರೆ ದಿನಕ್ಕೊಂದು ಸುದ್ದಿ. ಐದು ತಿಂಗಳಿಂದ ನನಗೆ ಬೇಡವೆಂದರೂ ಇಂಥ ಸುದ್ದಿಗಳು ಹುಟ್ಟುತ್ತಲೇ ಇವೆ. ನಗುವವರು ನಗಲಿ. ಆದರೆ ನಾನು ಗಿಟಾರು ಹಿಡಿದದ್ದು ಶೋಕಿಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊನ್ನಾವರ ಬಂದರಿನ ಒಂದು ಮೀನುಗಾರಿಕೆ ಬೋಟಿನಲ್ಲಿ ಹದಿನೆಂಟು ವರ್ಷ ದುಡಿದವನು ನಾನು. ಒಂದು ಬೆಳಿಗ್ಗೆ ಬಲೆ ಎಳೆಯುವಾಗ ಹಗ್ಗ ಸುತ್ತುವ ವಿಂಚು ಯಂತ್ರಕ್ಕೆ ಬಲಗೈ ಸಿಕ್ಕಿಕೊಂಡಿತು. ಮೂಳೆ ಕೂಡಿತು, ಗಾಯ ಮಾಯಿತು, ಮಡಚಿದ ಬೆರಳುಗಳು ಮಾತ್ರ ಬಿಚ್ಚಲಿಲ್ಲ. ನಮ್ಮ ತಾಂಡೇಲರು, ಅಂದರೆ ಬೋಟು ನಡೆಸುವವರು, ಮನೆಗೆ ಬಂದು ಕೈ ನೋಡಿದರು. "ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯೂ ತನಕ ನಿನ್ನ ಜಾಗಕ್ಕೆ ಯಾರನ್ನೂ ಹಾಕೂದಿಲ್ಲ. ಅಷ್ಟರೊಳಗೆ ಬೆರಳು ಬಿಚ್ಚಿದ್ರೆ ಬಾ. ಇಲ್ದಿದ್ರೆ ಬೇರೆ ಕೆಲಸ ನೋಡ್ಕ" ಅಂದರು. ನನಗೆ ಬೇರೆ ಕೆಲಸ ಗೊತ್ತಿಲ್ಲ.

ಕುಮಟೆಯ ಫಿಸಿಯೋಥೆರಪಿ ಮೇಡಂ ನಾಲ್ಕು ಬೆರಳಿಗೂ ರಬ್ಬರ್ ಬ್ಯಾಂಡ್ ಹಾಕಿ, "ಕಿರುಬೆರಳಿಂದ ಶುರುಮಾಡಿ ಒಂದೊಂದೇ ಬಿಚ್ಚಿ, ದಿನಕ್ಕೆ ಇನ್ನೂರು ಸಲ" ಎಂದು ಹೇಳಿ ಕಳಿಸಿದರು. ಮೂರೇ ದಿನಕ್ಕೆ ನನಗೆ ಸಾಕಾಯಿತು. ಆಗ ಓಂ ಬೀಚಿನ ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡುವ ನನ್ನ ತಂಗಿಯ ಗಂಡ, ಯಾರೋ ಪ್ರವಾಸಿ ಬಿಟ್ಟುಹೋದ ಗಿಟಾರನ್ನೂ ಮೊಬೈಲಿನಲ್ಲಿ ಒಂದು ವಿಡಿಯೋ ಪಾಠವನ್ನೂ ತಂದ. ವಿಡಿಯೋದಲ್ಲಿ ಸ್ಪೇನಿನ ಒಬ್ಬ ಮುದುಕರು ಅಲ್ಲಿನ ಫ್ಲಮೆಂಕೊ ಎಂಬ ಶೈಲಿ ಕಲಿಸುತ್ತಿದ್ದರು. ಕಿರುಬೆರಳಿಂದ ಶುರುಮಾಡಿ ಒಂದೊಂದೇ ಬೆರಳನ್ನು ತಂತಿಯ ಮೇಲೆ ಬಿಚ್ಚಿ ಒಗೆಯುತ್ತಿದ್ದರು. "ಭಾವಾ, ಇದು ನಿನ್ನ ಮೇಡಂ ಹೇಳಿದ್ದೇ ಅಲ್ದ?" ಅಂದ. ಹೌದು, ಅದೇ. ಹಾಗೆ ಶುರುವಾಯಿತು.

ಕೈಗೆ ಇದು, ಕಾಲಿಗೆ?

ಮುಂದಿನ ಸಲ ಕುಮಟೆಗೆ ಹೋದಾಗ ಮೇಡಂಗೆ ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿ, "ನನ್ನ ರಬ್ಬರ್ ಬ್ಯಾಂಡಿಗಿಂತ ಇದೇ ಒಳ್ಳೆಯದು. ಗಿಟಾರನ್ನೇ ಬಾರಿಸಿ" ಅಂದರು. ಭಟ್ಕಳದಿಂದ ಮೊಣಕಾಲು ನೋವಿಗೆ ಬಂದಿದ್ದ ಒಬ್ಬ ಅಜ್ಜ ಪಕ್ಕದ ಮಂಚದಲ್ಲಿ ಮಲಗಿಕೊಂಡೇ ಎಲ್ಲ ಕೇಳಿಸಿಕೊಂಡರು. ಮೊಣಕಾಲನ್ನೊಮ್ಮೆ ಸವರಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು:

"ಮೇಡಂ, ಮೊಣಕಾಲಿಗೆ ಯಾವ ವಾದ್ಯ?"

ಉಗುರು

ಎರಡನೇ ಪಾಠದಲ್ಲಿ ಆ ಸ್ಪೇನಿನ ಗುರುಗಳು ತಮ್ಮ ಉಗುರು ತೋರಿಸಿ, ಬಲಗೈ ಉಗುರು ಬೆಳೆಸಬೇಕು ಅಂದರು. ಬೆಳೆಸಿದೆ. ಊಟ ಮಾಡುವ ಕೈಯೂ ಅದೇ ತಾನೇ? ಸಾರಿನ ಅರಿಶಿನ ಹಿಡಿದು ನಾಲ್ಕೂ ಉಗುರು ಹಳದಿಯಾದವು. ನನ್ನ ಹೆತ್ತ ಆಯಿ, "ಯಾವ ದೇವರಿಗೆ ಹೇಳ್ಕಂಡಿದ್ಯೋ ತಮಾ?" ಎಂದು ಕೇಳಿದಳು. ದೇವರಿಗಲ್ಲ ಎಂದರೂ ನಂಬಲಿಲ್ಲ. ಕೇರಿಯಲ್ಲೆಲ್ಲ ಹರಕೆಯೆಂದೇ ಸುದ್ದಿಯಾಗಿ, ನಾಲ್ಕು ಜನ ನನಗೆ ಮರ್ಯಾದೆ ಕೊಡತೊಡಗಿದರು. ಅದು ಹೆಚ್ಚು ದಿನ ನಡೆಯಲಿಲ್ಲ.

ನನ್ನ ಹೆಂಡತಿ ಅಂಗನವಾಡಿ ಟೀಚರು. ಸೋಮವಾರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗುರು ನೋಡುವುದು ಅವಳ ಪದ್ಧತಿ. ಒಂದು ಸೋಮವಾರ ಮನೆಗೆ ಬಂದವಳು ಚೀಲ ಇಟ್ಟು ನನ್ನ ಉಗುರನ್ನೇ ದುರುಗುಟ್ಟಿ ನೋಡಿದಳು. ಎಂತ ಆತು ಎಂದು ಕೇಳಿದೆ.

"ಒಂದು ಹುಡುಗಿ ಕೈ ಹಿಂದೆ ಮಾಡ್ಕಂಡು ನಿಂತಿತ್ತು. ಉಗುರು ಯಾಕೆ ಕತ್ತರಿಸ್ಲಿಲ್ಲ ಅಂತ ಜೋರು ಮಾಡ್ದೆ. 'ಟೀಚರ್, ಮೊದ್ಲು ನಿಮ್ಮನೆಯವ್ರನ್ನ ಸಾಲಲ್ಲಿ ನಿಲ್ಸಿ' ಅಂತು."

ಬಾಗಿಲು

ಫ್ಲಮೆಂಕೊದಲ್ಲಿ ತಂತಿ ಮೀಟುವ ನಡುನಡುವೆ ಗಿಟಾರಿನ ಹಲಗೆಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿಯುವುದೂ ಪಾಠವೇ. ಆಯಿಗೆ ಕಿವಿ ಸ್ವಲ್ಪ ಮಂದ. ನಾನು ಬಡಿದಾಗಲೆಲ್ಲ ಎದ್ದುಹೋಗಿ ಬಾಗಿಲು ತೆಗೆದು, ಮಳೆ ನೋಡಿ, ಮತ್ತೆ ಹಾಕಿಕೊಂಡು ಬರುತ್ತಿದ್ದಳು. ಒಂದು ವಾರದಲ್ಲಿ ಅವಳಿಗೆ ಗುಟ್ಟು ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು.

ನಾನು ಔಷಧಿ ತರಲು ಹೊನ್ನಾವರಕ್ಕೆ ಹೋದ ಒಂದು ದಿನ, ಶಿರಾಲಿಯಿಂದ ಹೆಂಡತಿಯ ಅಣ್ಣ ಬಂದರು. ಜಡಿಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತೆಂಗಿನಕಾಯಿ ಚೀಲ. ನನ್ನ ಕೈ ಹೇಗಿದೆ ಎಂದು ನೋಡಲು ಬಂದ ಮನುಷ್ಯ, ಪಾಪ. ಬಾಗಿಲು ಬಡಿದರು. ನಾನು ಕೋಣೆಯಲ್ಲೇ ಇದ್ದೇನೆಂದುಕೊಂಡ ಆಯಿ ಒಳಗಿಂದ ಕೂಗಿದಳು: "ಸಾಕು ಮಾಡು! ಬೆಳಿಗ್ಗಿಂದ ಅದೇ ಆತು!"

ಅವರು ಗಾಬರಿಯಾಗಿ ಇನ್ನೂ ಮೆಲ್ಲಗೆ ಬಡಿದರು.

"ಮೆಲ್ಲಗೆ ಬಡಿದ್ರೆ ನಂಗೆ ಕೇಳೂದಿಲ್ಲ ಅಂತ ಮಾಡಿದ್ಯಾ? ಮನೇಲಿ ಮನುಷ್ಯರು ಇರೂದು ಬೇಡ್ವಾ?"

ತೆಂಗಿನಕಾಯಿ ಮೆಟ್ಟಿಲ ಮೇಲಿಟ್ಟು ಅವರು ಬಂದ ದಾರಿಯಲ್ಲೇ ಹೋದರು. ಎಲ್ಲ ತಿಳಿಸಿ ಕ್ಷಮೆ ಕೇಳಿ ಒಪ್ಪಿಸಲು ನನಗೆ ಹದಿನೈದು ದಿನ ಹಿಡಿಯಿತು. ಈಗ ನಮ್ಮ ಅಂಗಳದಲ್ಲೇ ನಿಂತು ಫೋನ್ ಮಾಡುತ್ತಾರೆ. "ಭಾವಾ, ಬಾಗಿಲು ಬಡೀಲಾ, ಅಥವಾ ಕ್ಲಾಸ್ ನಡೀತಾ ಉಂಟಾ?"

ಒಲೆ

ಚೆನ್ನಾಗಿ ಬಾರಿಸಿದಾಗ "ಓಲೇ!" ಎಂದು ಕೂಗುವುದು ಸ್ಪೇನಿನವರ ರೂಢಿ. ಶಾಭಾಸ್ ಎಂದ ಹಾಗೆ. ಗುರುಗಳು ಬಾರಿಸಿ ತಾವೇ ಕೂಗಿಕೊಳ್ಳುತ್ತಿದ್ದರು. ಆಯಿಗೆ ಅದು ಒಲೆ ಎಂದೇ ಕೇಳಿಸುತ್ತಿತ್ತು. "ಒಲೆ ಒಲೆ ಅಂತ ಕೂಗ್ತ್ರಲ್ಲ, ಅವ್ರಿಗೆ ನಮ್ಮನೆ ಒಲೆ ಚಿಂತೆ ಎಂತಕ್ಕೆ?" ಎಂದು ಗೊಣಗುತ್ತಿದ್ದಳು.

ಒಂದು ದಿನ ಒಣಸಿಗಡಿ ಹುರಿಯಲು ಇಟ್ಟು ಮರೆತು, ನನ್ನ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಗುರುಗಳು "ಓಲೇ!" ಎಂದರು. ಗೊಣಗುತ್ತಲೇ ಎದ್ದು ಅಡುಗೆಮನೆಗೆ ಹೋದಳು. ಸಿಗಡಿ ಕರಿಯಾಗಿ, ಒಲೆಯ ಪಕ್ಕದ ಮಸಿಬಟ್ಟೆಗೆ ಬೆಂಕಿ ತಾಗುವುದರಲ್ಲಿತ್ತು. ಆರಿಸಿ ಬಂದು ಮೊಬೈಲಿಗೆ ಕೈ ಮುಗಿದಳು.

ಮರುದಿನ ಪಾಠ ಶುರುವಾಗುವ ಹೊತ್ತಿಗೆ ಅಡುಗೆಮನೆಯಿಂದ ಬಂದು ನಿಂತಳು. "ತಮಾ, ಸಾರಿಗೆ ನಾ ಉಪ್ಪು ಹಾಕಿದ್ನೋ ಇಲ್ವೋ ನೆನಪಿಲ್ಲ. ಅವ್ರ ಹತ್ರ ಒಂದ್ಸಲ ಕೇಳು."

ಬಿಡು

ಬಂದ್ ಮುಗಿಯಲು ನಾಲ್ಕು ದಿನ ಇರುವಾಗ ಬಂದರಿಗೆ ಹೋದೆ. ನಮ್ಮ ತಾಂಡೇಲರು ನಕ್ಕದ್ದನ್ನು ಹದಿನೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಅವರು ಹಗ್ಗದ ಒಂದು ತುದಿಯನ್ನು ನನಗೂ ಇನ್ನೊಂದನ್ನು ಬೋಟಿನ ಆಳುಗಳಾದ ಇಬ್ಬರು ಖಲಾಸಿಗಳಿಗೂ ಕೊಟ್ಟರು.

"ಹಿಡಿಯೂದು ಯಾರಾದ್ರೂ ಹಿಡೀತ್ರು. ನಾ ಬಿಡು ಅಂದ ಕೂಡ್ಲೆ ಬಿಡಬೇಕು. ಬಿಡಲಿಕ್ಕೆ ಬರದಿದ್ದ ಕೈ ಬೋಟಲ್ಲಿ ಉಳಿಯೂದಿಲ್ಲ."

ಅವರಿಬ್ಬರು ಎಳೆದರು. ತಾಂಡೇಲರು "ಬಿಡು!" ಅಂದರು. ಬಿಟ್ಟೆ. ಆದರೆ ಐದು ತಿಂಗಳ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ನಡುಬೆರಳು, ತೋರುಬೆರಳು, ಒಂದರ ಹಿಂದೊಂದು ತಾಳಕ್ಕೆ ಸರಿಯಾಗಿ ಬಿಚ್ಚಿಕೊಂಡವು. ಇಡೀ ಬಂದರೇ ನಕ್ಕಿತು.

"ನಾ ಹಗ್ಗ ಬಿಡು ಅಂದದ್ದು," ತಾಂಡೇಲರು ಗದರಿದರು. "ಹಗ್ಗಕ್ಕೆ ಟಾಟಾ ಮಾಡು ಅಂದದ್ದಲ್ಲ."

ಎರಡನೇ ಸಲ ಹಲ್ಲು ಕಚ್ಚಿ ನಿಂತೆ. "ಬಿಡು!" ನಾಲ್ಕೂ ಬೆರಳು ಒಟ್ಟಿಗೇ ಬಿಚ್ಚಿದವು. ಮೂರನೇ ಸಲವೂ ಹಾಗೆಯೇ. ಅಂಗೈ ಪೂರ್ತಿ ತೆರೆದುಕೊಂಡಿತ್ತು. ಎಲ್ಲರೆದುರಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

"ಆತು. ಬೋಟು ಬಿಡೂ ದಿನ ಬಾ" ಎಂದು ತಾಂಡೇಲರು ತಿರುಗಿದರು.

ಹೊರಟಿದ್ದವನನ್ನು ಬೋಟಿನ ಕ್ಯಾಬಿನ್ನಿನೊಳಗೆ ಕರೆದರು. ಹೊರಗೊಮ್ಮೆ ನೋಡಿ ಬಾಗಿಲು ಹಾಕಿದರು. ಎಡಗೈ ಎತ್ತಿ ನನ್ನ ಮುಂದೆ ಹಿಡಿದರು. ಎರಡು ಬೆರಳು ಅಂಗೈಗೆ ಅಂಟಿಕೊಂಡಂತೆ ಮಡಚಿದ್ದವು.

"ಆರು ವರ್ಷ ಆತು" ಅಂದರು. "ಈ ಕೈ ಯಾವಾಗ್ಲೂ ಸ್ಟೇರಿಂಗ್ ಹಿಡ್ಕಂಡೇ ಇರ್ತದಲ್ಲ, ಯಾರಿಗೂ ಗೊತ್ತಾಗ್ಲಿಲ್ಲ."

ನನ್ನ ಕೈಗೆ ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಇಟ್ಟ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ನಾನು ಮೊಬೈಲು ತೆಗೆದೆ.

"ಆ ವಿಡಿಯೋ ನಂಗೂ ಕಳ್ಸು" ಅಂದರು. ಮತ್ತೆ ನನ್ನ ಕಿವಿಯ ಹತ್ತಿರ ಬಂದರು. "ನನ್ನ ಹೆಂಡ್ತಿಗೂ ಗೊತ್ತಿಲ್ಲ, ಮಾರಾಯ. ಶಬ್ದ ಬರದಿದ್ದ ಗಿಟಾರು ಯಾವ್ದಾದ್ರೂ ಉಂಟಾ ಅಂತ ಒಂದ್ಸಲ ವಿಚಾರಿಸು."