ಹಿಡಿ ಎಡಗಡೆಗಿರುವ ರೀಲಿನ ಕುರಿತು ಆಯ್ಕೆ ಯಂತ್ರದವರಿಗೆ

ಮಾನ್ಯ ಆಯ್ಕೆ ಯಂತ್ರದವರೇ,

ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ, ರಬ್ಬರ್ ಬೂಟುಗಳ ಸಾಲಿಗೂ ಮಳೆ ಅಂಗಿಗಳ ಗೂಟಕ್ಕೂ ನಡುವೆ, ಹಗಲೆಲ್ಲ ಒಂದೇ ಕಾಲಿನ ಮೇಲೆ ನಿಂತು, ಬಂದವರಿಗೆಲ್ಲ ಗಾಳದ ದಾರ ಸುತ್ತುವ ಯಾವ ರೀಲ್ ಕೊಳ್ಳಬೇಕೆಂದು ಬೇಸರವಿಲ್ಲದೆ ತಿಳಿಸಿಕೊಡುವ ತಮಗೆ, ಅದೇ ಬೀದಿಯ ಕೊನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವ ದರ್ಜಿಯ ಅನಂತ ನಮಸ್ಕಾರಗಳು. ತಮ್ಮ ಗಾಜನ್ನು ಒರೆಸಿದ್ದಾರೆಂದೂ, ತಂತಿಯನ್ನು ಯಾರೂ ಎಡವಿ ಕಿತ್ತಿಲ್ಲವೆಂದೂ, ಒಟ್ಟಿನಲ್ಲಿ ತಾವು ಕ್ಷೇಮವೆಂದೂ ಭಾವಿಸುತ್ತೇನೆ. ನಾನು ಅಷ್ಟೇನೂ ಕ್ಷೇಮವಾಗಿಲ್ಲ. ತಮಗೆ ಕಾಗದ ಓದಲು ಬರುವುದಿಲ್ಲವೆಂದು ಅಂಗಡಿಯ ಯಜಮಾನರು ಹೇಳಿದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆದು ತಮ್ಮ ಪಕ್ಕದ ಗೋಡೆಗೆ ಅಂಟಿಸುತ್ತಿದ್ದೇನೆ. ಬೂಟು ಹಾಕಿ ನೋಡಲು ಕೂತವರು ಯಾರಾದರೂ ತಮಗೆ ಓದಿ ಹೇಳಿಯಾರು.

ಮೊದಲು ನನ್ನ ಕಡೆಯ ತಪ್ಪೊಪ್ಪಿಗೆ. ರೀಲ್ ಕೊಂಡ ದಿನ ತಾವು ವಿನಯದಿಂದ ‘ತಮ್ಮ ಬಗ್ಗೆ ತಿಳಿಸಿ’ ಎಂದು ಕೇಳಿದಾಗ ನಾನು ತಿಳಿಸಿದ್ದು ನನ್ನ ಬಗ್ಗೆ ಅಲ್ಲ. ನಾನು ಜನ್ಮದಲ್ಲಿ ಒಂದು ಮೀನು ಹಿಡಿದವನಲ್ಲ. ನಾನು ದೋಣಿಗೆ ಹುಟ್ಟು ಹಾಕುವವನು. ಮೀನು ಹಿಡಿಯುವವಳು ನನ್ನ ಹೆಂಡತಿ. ವಾರವೆಲ್ಲ ಊರಿನ ಬಸ್ ಓಡಿಸಿ, ಭಾನುವಾರ ಕೆರೆಗೆ ಬಂದು, ಬಾಸ್ ಎಂಬ ದೊಡ್ಡ ಬಾಯಿಯ ಮೀನಿಗಾಗಿ ಗೇಣುದ್ದದ, ಬಣ್ಣ ಬಳಿದ, ನೂರು ಗ್ರಾಂ ತೂಗುವ ಮರದ ಮೀನನ್ನು ಗಾಳಕ್ಕೆ ಕಟ್ಟಿ ನನ್ನ ತಲೆಯ ಮೇಲಿನಿಂದ ಎಸೆಯುವುದು ಅವಳ ಪದ್ಧತಿ. ಚಿಕ್ಕದನ್ನು ಎಸೆಯಬಾರದೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ದೊಡ್ಡ ಮೀನು ಚಿಲ್ಲರೆ ತಿಂಡಿಗೆ ಬಾಯಿ ತೆರೆಯುವುದಿಲ್ಲವೆಂದು ಹೇಳಿ ನನಗೊಂದು ಸ್ಕೂಟರ್ ಹೆಲ್ಮೆಟ್ ತಂದುಕೊಟ್ಟಳು. ನಡುಕೆರೆಯಲ್ಲಿ ಹೆಲ್ಮೆಟ್ ಧರಿಸಿ ಹುಟ್ಟು ಹಾಕುವ ದರ್ಜಿಯನ್ನು ಇಡೀ ಊರು ನೋಡಿ ನಕ್ಕಿದೆ. ಅದರ ಬಗ್ಗೆ ನನ್ನ ದೂರೇನೂ ಇಲ್ಲ.

ಹೋದ ವರ್ಷ ಅವಳು ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಮೂಳೆಯೇನೋ ಕೂಡಿತು, ಬೆರಳುಗಳು ಮಾತ್ರ ಬಿಗಿದುಕೊಂಡವು. ಬಸ್ಸಿನವರು ಅವಳನ್ನು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ತಾಯಿ ದಿನವೂ ಹಿಸುಕಲೆಂದು ಒಂದು ರಬ್ಬರ್ ಚೆಂಡು ಕೊಟ್ಟು, ಈ ಕೈಗೆ ಈಗಲೇ ಕೆಲಸ ಕೊಡದಿದ್ದರೆ ಅದು ಹೀಗೆಯೇ ಉಳಿದುಬಿಡುತ್ತದೆ, ಆಮೇಲೆ ಸ್ಟಿಯರಿಂಗ್ ಹಿಡಿಯುವ ಆಸೆ ಬಿಡಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಚೆಂಡು ಮಾರನೆಯ ದಿನವೇ ಸೋಫಾದ ಕೆಳಗೆ ಸೇರಿತು. ಹಳೆಯ ರೀಲನ್ನು ಅವಳು ಯಾರಿಗೋ ಕೊಟ್ಟುಬಿಟ್ಟಳು. ಒಂಬತ್ತು ತಿಂಗಳು ಕೆರೆಯ ಕಡೆ ತಲೆ ಹಾಕಿ ಮಲಗಲಿಲ್ಲ. ನನಗೆ ಹೆದರಿಕೆಯಾಯಿತು, ಮಾನ್ಯರೇ. ಮನೆಯಲ್ಲಿ ಅಷ್ಟು ಸದ್ದಿಲ್ಲದೆ ಕೂತ ಅವಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆ ಹೆದರಿಕೆಯೇ ನನ್ನನ್ನು ತಮ್ಮ ಮುಂದೆ ತಂದು ನಿಲ್ಲಿಸಿತು.

ತಮ್ಮ ಪ್ರಶ್ನೆಗಳ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು. ನಾನು ಯಜಮಾನರನ್ನೇ ವಿಚಾರಿಸಲು ಹೋದೆ. ಅವರು ಟೀ ಲೋಟದಿಂದ ತಾವು ನಿಂತಿದ್ದ ಕಡೆ ತೋರಿಸಿ, ಎಲ್ಲವೂ ಅದಕ್ಕೇ ಗೊತ್ತು ಎಂದರು. ತಾವು ಮೂವತ್ತೊಂದು ಪ್ರಶ್ನೆ ಕೇಳಿದಿರಿ. ನನ್ನ ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಕೇಳಿದ್ದು ಎರಡೇ. ಎಸೆಯುವ ವಸ್ತುವಿನ ತೂಕವೆಷ್ಟೆಂದು ಕೇಳಿದಾಗ, ನಾನು ಜೇಬಿನಲ್ಲಿ ತಂದಿದ್ದ ಮರದ ಮೀನನ್ನು ತೋರಿಸಲು ಹೋಗಿ, ಅದರ ಮೂರೂ ಕೊಕ್ಕೆಗಳು ಪ್ಯಾಂಟಿಗೆ ಸಿಕ್ಕಿಕೊಂಡು, ಕೈ ಹೊರಗೆ ಬಾರದೆ ಕಾಲು ಗಂಟೆ ನಿಂತೆನಷ್ಟೆ. ಆಗ ತಾವು ‘ಇನ್ನೂ ಅಲ್ಲಿದ್ದೀರಾ?’ ಎಂದು ನಾಲ್ಕು ಸಲ ವಿಚಾರಿಸಿದ ಅಕ್ಕರೆಯನ್ನು ಮರೆಯಲಾರೆ. ಆ ಪ್ಯಾಂಟು ನಾನೇ ಹೊಲಿದದ್ದು; ಜೇಬು ಕಿತ್ತು ಬರಲಿಲ್ಲ ಎಂಬುದು ಆ ದಿನದ ಒಂದೇ ಸಮಾಧಾನ.

ಬೈಟ್‌ಕಾಸ್ಟಿಂಗ್ ರೀಲ್ ಎಂದರೇನೆಂದು ನಾನು ಅಂದೇ ತಮ್ಮಿಂದ ಕಲಿತೆ. ಗಾಳದ ಕೋಲಿನ ಬೆನ್ನ ಮೇಲೆ ಕೂರುವ ಅದರೊಳಗಿನ ಸ್ಪೂಲ್, ಎಸೆದ ವಸ್ತು ಹಾರಿದಂತೆ ತಾನೂ ಸುತ್ತಿ ದಾರ ಬಿಡುತ್ತದೆ. ಹೆಬ್ಬೆರಳನ್ನು ಅದರ ಮೇಲೆ ಹದವಾಗಿ ಇಡದಿದ್ದರೆ ದಾರವೆಲ್ಲ ಹಿಂದಕ್ಕೆ ನುಗ್ಗಿ ಗುಬ್ಬಿಗೂಡಾಗುತ್ತದೆ. ಹೊಲಿಗೆ ಯಂತ್ರದ ಬಾಬಿನ್ ಜೊತೆ ಬಾಳ್ವೆ ಮಾಡಿದ ನನಗೆ ಇದು ಅರ್ಥವಾಗದೆ ಇರುವುದುಂಟೇ? ದೊಡ್ಡ ಮರದ ಮೀನಿಗೆ ದಪ್ಪ ದಾರ ಬೇಕು, ದಪ್ಪ ದಾರಕ್ಕೆ ದೊಡ್ಡ ಸ್ಪೂಲ್ ಬೇಕು ಎಂದಿರಿ, ಒಪ್ಪಿದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಎಂಟು ಸುತ್ತು ತಿರುಗಬೇಕೋ ಐದು ಸಾಕೋ ಎಂದಿರಿ. ಎಂಟಾದರೆ ಬೇಗ, ಐದಾದರೆ ಕೈಗೆ ಹಗುರ ಎಂದು ತಾವೇ ವಿವರಿಸಿದ್ದರಿಂದ ಐದನ್ನು ಒತ್ತಿದೆ. ಅಂಗೈಯ ಸುತ್ತಳತೆ ಕೇಳಿದಿರಿ. ಕೇಳಿ ಮುಗಿಸುವ ಮೊದಲೇ ಬರೆದೆ, ಏಳೂಕಾಲು ಇಂಚು. ಅನುಭವದ ಕಾಲಮಿನಲ್ಲಿ ಆರಂಭಿಕ, ಸಾಧಾರಣ, ನಿಪುಣ ಎಂದು ಮೂರೇ ಇತ್ತು. ನಿಪುಣಳಾಗಿದ್ದು ಈಗ ಕೋಲನ್ನು ಮುಟ್ಟಲು ಒಲ್ಲದವಳಿಗೆ ತಮ್ಮಲ್ಲಿ ಗುಂಡಿ ಇರಲಿಲ್ಲ. ನಾನು ಬಹಳ ಹೊತ್ತು ನಿಂತು, ಕೊನೆಗೆ ನಿಪುಣ ಎಂಬುದನ್ನೇ ಒತ್ತಿದೆ.

ಆಮೇಲೆ ಬಂದದ್ದು ಇಪ್ಪತ್ತೊಂಬತ್ತನೆಯ ಪ್ರಶ್ನೆ: ಹಿಡಿ ಎಡಗಡೆಗಿರಬೇಕೋ ಬಲಗಡೆಗೋ? ನಾನು ಕಣ್ಣು ಮುಚ್ಚಿ ಅವಳನ್ನು ನೆನೆದೆ. ದೋಣಿಯ ಹಿಂಬದಿಯಲ್ಲಿ ಅವಳು ನಿಂತಿದ್ದಾಳೆ, ಕೆನ್ನೆಯ ಮೇಲೆ ಬಿಸಿಲು, ಹುಬ್ಬು ಗಂಟಿಕ್ಕಿದೆ, ಹಿಡಿ ತಿರುಗಿಸುವ ಕೈ ಎಡಗಡೆಗಿದೆ. ಕಂಡಂತೆ ಎಡ ಎಂದು ಒತ್ತಿದೆ. ಆದರೆ ಮಾನ್ಯರೇ, ಹುಟ್ಟು ಹಾಕುವವನು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ಇಪ್ಪತ್ತೆರಡು ವರ್ಷ ನಾನು ಅವಳನ್ನು ಎದುರಿನಿಂದಲೇ ನೋಡಿದ್ದೇನೆ. ನನ್ನ ಎಡ ಅವಳ ಬಲ. ದಿನಕ್ಕೆ ಹತ್ತು ಜನರ ಮುಂದೆ ನಿಂತು ಎಡ ತೋಳು, ಬಲ ತೋಳು ಎಂದು ಅಳತೆ ಬರೆದುಕೊಳ್ಳುವ ನಾನು ಸ್ವಂತ ಹೆಂಡತಿಯ ಅಳತೆಯಲ್ಲಿ ತಪ್ಪಿದೆ. ಮೂವತ್ತೊಂದು ಪ್ರಶ್ನೆ ಕೇಳಿದ ತಾವು ‘ಅವರನ್ನು ಎದುರಿನಿಂದ ಕಂಡಿರೋ, ಪಕ್ಕದಿಂದಲೋ?’ ಎಂದು ಇನ್ನೊಂದನ್ನು ಕೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಬದಲಿಗೆ ತಾವು ‘ಅಭಿನಂದನೆಗಳು, ಈ ರೀಲ್ ಹುಟ್ಟಿದ್ದೇ ತಮಗಾಗಿ’ ಎಂಬ ಚೀಟಿ ಉಗುಳಿ, ಒಂದು ಸಣ್ಣ ಸಂಗೀತವನ್ನೂ ನುಡಿಸಿದಿರಿ. ಸಂಗೀತ ಚೆನ್ನಾಗಿತ್ತು.

ಮನೆಯಲ್ಲಿ ಅವಳು ಪೆಟ್ಟಿಗೆ ತೆರೆದು, ರೀಲನ್ನು ಅತ್ತ ಇತ್ತ ತಿರುಗಿಸಿ, ಹಿಡಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು.

“ರೀ, ಇಷ್ಟು ವರ್ಷ ದೋಣೀಲಿ ಕೂತು ಏನ್ರೀ ನೋಡ್ತಿದ್ರಿ?”

ನಿನ್ನನ್ನೇ ಎಂದು ನಿಜ ಹೇಳಿದೆ. ಈ ಉತ್ತರಕ್ಕೆ ಮನೆಗಳಲ್ಲಿ ಸಿಗಬೇಕಾದ ಮರ್ಯಾದೆ ನನಗೆ ಸಿಗಲಿಲ್ಲ. ಇದರಿಂದ ಒಂದು ಕಡ್ಡಿಯನ್ನೂ ಎಸೆಯಲಾಗದು, ನಾಳೆಯೇ ದೋಣಿ ತೆಗೆಯಿರಿ, ಎಂಥದನ್ನು ತಂದಿದ್ದೀರೆಂದು ತೋರಿಸುತ್ತೇನೆ ಎಂದು ಹೇಳಿ, ಒಂಬತ್ತು ತಿಂಗಳ ಮೇಲೆ ಮೊದಲ ಸಲ ಬಾಗಿಲನ್ನು ಧಡ್ಡನೆ ಹಾಕಿಕೊಂಡಳು. ನಾನು ಆ ಸಂಜೆಯೇ ತಮ್ಮ ಮೇಲೆ ಒಂದು ದೂರು ಬರೆದು ಅಂಗಡಿಯಲ್ಲಿ ಕೊಟ್ಟೆ.

ಮಾರನೆಯ ದಿನ ಕಿಟಕಿಯ ಕೆಲಸ ಮುಗಿಸಿ ಬಂದವಳು ಮೊದಲ ಎಸೆತಕ್ಕೇ ಗುಬ್ಬಿಗೂಡು ಕಟ್ಟಿದಳು. ಎಡ ಹಿಡಿಯಾದ್ದರಿಂದ ಎಸೆದ ಬಲಗೈಯೇ ಕೋಲನ್ನೂ ಹಿಡಿದಿರಬೇಕು. ಹಳೆಯದರಲ್ಲಿ ಎಸೆದ ಮೇಲೆ ಕೋಲು ಎಡಗೈಗೆ ಹೋಗುತ್ತಿತ್ತು; ಇದರಲ್ಲಿ ಬಲಗೈಗೆ ವಿರಾಮವೇ ಇಲ್ಲ. ಆ ಬಿಗಿದ ಬೆರಳುಗಳಿಂದ ಒಂದೊಂದೇ ಎಳೆ ಬಿಡಿಸುತ್ತ, ಪ್ರತಿ ಎಳೆಗೂ ತಮಗೊಂದು ಬಿರುದು ಕೊಡುತ್ತ ಹೋದಳು. ಅವನ್ನು ಇಲ್ಲಿ ಬರೆದರೆ ತಮ್ಮ ಅಂಗಡಿಗೆ ಮಕ್ಕಳು ಬರುವಂತಿಲ್ಲ. ಕತ್ತರಿ ಕೊಡಲು ಹೋದ ನನಗೂ ಎರಡು ಬಿರುದು ಬಂದವು. ಕತ್ತರಿಸಿದರೆ ರೀಲ್ ಕೆಟ್ಟದ್ದೆಂದು ರುಜುವಾಗುವುದಿಲ್ಲವಂತೆ. ಹೀಗೆ ರೀಲ್ ಕೆಟ್ಟದ್ದೆಂದು ರುಜುವಾತುಪಡಿಸಲು ದಿನವೂ ಸಂಜೆ ಹೋದೆವು, ಹನ್ನೊಂದು ದಿನ. ನನ್ನ ಹೆಲ್ಮೆಟ್ಟಿಗೆ ನಾಲ್ಕು ಪೆಟ್ಟು ಬಿದ್ದಿವೆ. ಒಮ್ಮೆ ಮರದ ಮೀನು ನನ್ನ ಕಾಲರನ್ನು ಹಿಡಿದು, ಅವಳು ತಿರುಗಿಸಿದ ರಭಸಕ್ಕೆ ನಾನೇ ಎರಡು ಗೇಣು ಮುಂದಕ್ಕೆ ಬಂದೆ. ಎಳೆಯುವ ಶಕ್ತಿಯ ಬಗ್ಗೆ ತಾವು ಹೇಳಿದ್ದೆಲ್ಲ ಸತ್ಯವೆಂದು ಇಲ್ಲಿ ದಾಖಲಿಸುತ್ತೇನೆ.

ಹನ್ನೆರಡನೆಯ ದಿನ ನನ್ನ ತಲೆಯ ಮೇಲೆ ಸುಯ್ಯೆಂದು ಹೋದದ್ದು ಎಷ್ಟು ಹೊತ್ತಾದರೂ ನೀರಿಗೆ ಬೀಳಲಿಲ್ಲ. ಬಿದ್ದಾಗ ದೂರದಲ್ಲೆಲ್ಲೋ ಗುಳುಂ ಎಂದಿತು. ಅವಳು ತನ್ನ ಹೆಬ್ಬೆರಳನ್ನು ತಾನೇ ನೋಡಿಕೊಂಡು, ಆದರೂ ಇದು ದರಿದ್ರ ರೀಲೇ ಎಂದಳು. ಮೀನು ಬೀಳಲಿಲ್ಲ. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಅಂಗಿಯ ಕುತ್ತಿಗೆ ಗುಂಡಿಯನ್ನು ತಾನೇ ಹಾಕಿಕೊಂಡು, ಮಾತಾಡುತ್ತಲೇ ಹೊರಟುಹೋದಳು. ಒಂಬತ್ತು ತಿಂಗಳಿಂದ ಆ ಗುಂಡಿಯನ್ನು ದಿನವೂ ನಾನು ಹಾಕುತ್ತಿದ್ದೆ. ಅವಳಿಗೆ ಅದು ಗೊತ್ತಾಗಲಿಲ್ಲ. ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಗೆ ದಾರ ಹಾಕಲು ಕಣ್ಣು ಕಾಣಲಿಲ್ಲ.

ಹೀಗಿರುವಾಗ ನಿನ್ನೆ ತಮ್ಮ ಕಡೆಯಿಂದ ಸಂದೇಶ ಬಂದಿದೆ: ನನ್ನ ದೂರು ನ್ಯಾಯವಾದದ್ದೆಂದು ಕಂಡುಬಂದಿದೆ, ಬುಧವಾರ ತಮ್ಮವರು ಬಲ ಹಿಡಿಯ ಸರಿಯಾದ ರೀಲ್ ತಂದು ಈ ತಪ್ಪು ರೀಲನ್ನು ಒಯ್ಯುತ್ತಾರೆ ಎಂದು. ಸರಿಯಾದ ರೀಲ್ ಬಂದರೆ ರುಜುವಾತುಪಡಿಸಲು ಏನು ಉಳಿಯುತ್ತದೆ? ಬೈಯಲು ಏನೂ ಇಲ್ಲದೆ ಅವಳು ಮತ್ತೆ ಸದ್ದಿಲ್ಲದೆ ಕೂತುಬಿಟ್ಟರೆ? ಅಂಜುತ್ತಲೇ ಅವಳಿಗೆ ತಿಳಿಸಿದೆ. ಅವಳು ರೀಲನ್ನು ಸೆರಗಿನಿಂದ ಒರೆಸುತ್ತಿದ್ದವಳು ತಲೆ ಎತ್ತಲೂ ಇಲ್ಲ.

“ಕೊಡೋ ಹಾಗಿಲ್ಲ. ನಾನಿನ್ನೂ ಇದನ್ನ ಬೈದು ಮುಗಿಸಿಲ್ಲ.”

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದೇನೆಂದರೆ, ನನ್ನ ದೂರನ್ನು ತಳ್ಳಿಹಾಕಬಾರದು, ಹಾಗೆಂದು ಅದಕ್ಕೆ ಪರಿಹಾರವನ್ನೂ ಕೊಡಬಾರದು. ಅದನ್ನು ಒಂದು ಕಡತದಲ್ಲಿಟ್ಟು, ವರ್ಷಕ್ಕೊಮ್ಮೆ ‘ಪರಿಶೀಲನೆಯಲ್ಲಿದೆ’ ಎಂದು ಒಂದು ಸಾಲು ಕಳಿಸುತ್ತಿದ್ದರೆ ಸಾಕು. ಇದು ತಮಗೆ ಕಷ್ಟವೆನಿಸಿದರೆ ಯಾವುದಾದರೂ ಕಚೇರಿಗೆ ಹೋಗಿ ಒಂದು ವಾರ ನಿಂತು ಬನ್ನಿ, ಅಲ್ಲಿ ಕಲಿಸಿಕೊಡುತ್ತಾರೆ. ಬುಧವಾರ ಬರುವವರು ಬಂದೇ ಬಂದರೆ, ರೀಲ್ ಕೆರೆಗೆ ಬಿದ್ದಿದೆಯೆಂದೂ, ಹುಡುಕಲು ಇಳಿದ ದರ್ಜಿ ಇನ್ನೂ ಮೇಲೆ ಬಂದಿಲ್ಲವೆಂದೂ ಅವರಿಗೆ ತಿಳಿಸಲಾಗುವುದು.

ಇಷ್ಟೆಲ್ಲ ಆದಮೇಲೂ
ತಮ್ಮ ವಿಶ್ವಾಸಿ,
ಬೀದಿ ಕೊನೆಯ ದರ್ಜಿ

ಮರೆತ ಮಾತು: ‘ನಮ್ಮ ಯಂತ್ರ ಸರಿಯಾದುದನ್ನು ಆರಿಸಿಕೊಟ್ಟಿತೇ?’ ಎಂದು ಕೇಳಿ ಐದು ನಕ್ಷತ್ರಗಳ ಚೀಟಿ ಕಳಿಸಿದ್ದೀರಿ. ಇಲ್ಲವೆಂದು ಬರೆದು ಐದನ್ನೂ ತುಂಬಿದ್ದೇನೆ. ತಮ್ಮನ್ನು ಸರಿಪಡಿಸಲು ಯಾರಾದರೂ ಬಂದರೆ ದಯವಿಟ್ಟು ಅವರಿಗೂ ತಪ್ಪು ಉತ್ತರವನ್ನೇ ಕೊಡಿ.