ಮಾತು ಬೇಡದ ಮಾವ

ಜನರನ್ನು ಕಂಡರೆ ಮೈಲಿ ದೂರ ಓಡುವವರನ್ನು ಹಿಡಿದು ತಂದು ಜನರ ಮಧ್ಯೆಯೇ ಕೂರಿಸಿದ ಕೀರ್ತಿ ನನ್ನದು! ನನ್ನ ಸೋದರಮಾವನ ವಿಚಾರ ಹೇಳುತ್ತಿದ್ದೇನೆ. ಮದುವೆಯಾಗದವರು, ತಾಂಡ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು.

ನಾವು ಏಳೆಂಟು ಸಂಸಾರದವರು ಕಳಲೆಯ ಹತ್ತಿರ ಒಟ್ಟಿಗೆ ಜಾಗ ಕೊಂಡು, ಮನೆ ಬೇರೆ ಬೇರೆ, ಅಡುಗೆ ಮಾತ್ರ ಒಂದೇ ಕಡೆ ಎಂದು ಕಟ್ಟಿಕೊಂಡೆವು. ಮಾವನನ್ನೂ ಕರೆದೆ.

"ಬತ್ತೀನಿ ಕಣ್ಲಾ. ಆದ್ರೆ ಯಾರೂ ನನ್ನ ಮಾತಾಡಿಸ್ಬಾರ್ದು" ಎಂದರು.

ಕೂಡಿ ಬಾಳಲು ಇಂಥ ಷರತ್ತು ಹಾಕಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಊಟಕ್ಕೆ ಎಲ್ಲರೂ ಎದುರುಬದುರು ಕೂತರೆ ಮಾವ ಗೋಡೆಗೆ ಮುಖ ಮಾಡಿ ಕೂರುವರು. ಎದುರಾದವರೆಲ್ಲ "ತಿಂಡಿ ಆಯ್ತಾ?" ಎಂದು ಕೇಳುವ ಕಾಟ ತಡೆಯಲಾರದೆ ಒಂದು ದಿನ ಬಾಗಿಲಿಗೆ ಬೋರ್ಡನ್ನೇ ತಗುಲಿಸಿಬಿಟ್ಟರು: ‘ತಿಂಡಿ ಆಗಿದೆ’. ಪುಣ್ಯಾತ್ಮರು ಇನ್ನೂ ಹಲ್ಲೂ ಉಜ್ಜಿರಲಿಲ್ಲ!

"ಅಷ್ಟು ವರ್ಷ ಮೆಷಿನ್ ಸದ್ದು ತಡ್ಕೊಂಡ್ರಲ್ಲ ಮಾವ, ನಾಲ್ಕು ಮಾತು ತಡ್ಕೊಳ್ಳೋಕಾಗಲ್ವಾ?"

"ಮೆಷಿನ್ನು ತಿಂಡಿ ಆಯ್ತಾ ಅಂತ ಕೇಳಕಿಲ್ಲ ಕಣ್ಲಾ!"

ಅವರ ಹುಟ್ಟಿದಹಬ್ಬಕ್ಕೆ ನಾವೆಲ್ಲ ಕೇಕು ಹಿಡಿದು ಹೋದರೆ ಬಾಗಿಲಿಗೆ ಬೀಗ. ಸಂಜೆ ಟಿ. ನರಸೀಪುರದ ಬಸ್ಸಿನಿಂದ ಇಳಿದರು.

"ಸಂಗಮ ನೋಡ್ಕಂಡ್ ಬಂದೆ."

"ಒಬ್ಬರೇನಾ?"

"ಎಲ್ಡು ಒಳೆ ಇದ್ವಲ್ಲ!"

ಇದಾದ ಮೇಲೆ ಉಳಿದ ಸಂಸಾರದವರ ಗೊಣಗಾಟ ಶುರುವಾಯಿತು. "ನಿಮ್ಮ ಮಾವನ ಸ್ವಭಾವಕ್ಕೆ ಈ ಜಾಗ ಹೊಂದಲ್ಲ ಕಣ್ರೀ. ಬೇರೆ ಎಲ್ಲಾದ್ರೂ ಮನೆ ನೋಡಿ" ಎಂದರು. ಅವರದೇನೂ ತಪ್ಪಿರಲಿಲ್ಲ. ಮಾವನಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮನವರ ಗಂಡ ತೀರಿಕೊಂಡರು. ಆಕೆಯನ್ನು ಒಂದು ಗಳಿಗೆಯೂ ಒಂಟಿ ಬಿಡಬಾರದೆಂದು ನಾವು ಸರದಿಯಲ್ಲಿ ಹೋಗಿ ಸಮಾಧಾನ ಹೇಳಿದ್ದೇ ಹೇಳಿದ್ದು. ಒಂದು ಮಧ್ಯಾಹ್ನ ನೋಡಿದರೆ ಆಕೆ ಮನೆಯಲ್ಲಿಲ್ಲ! ಗಾಬರಿಯಿಂದ ಹುಡುಕಿದೆವು.

ಮಾವನ ಜಗುಲಿಯ ಮೇಲೆ ಕೂತು ಗೌರಮ್ಮ ಮನಸಾರೆ ಅಳುತ್ತಿದ್ದರು. ಮಾವ ಅವರತ್ತ ನೋಡಲೂ ಇಲ್ಲ, ಮಾತಾಡಲೂ ಇಲ್ಲ. ಅವರೆಕಾಯಿ ಸುಲಿಯುತ್ತಾ, ಬುಟ್ಟಿಯನ್ನು ಮೆಲ್ಲಗೆ ಆಕೆಯ ಕಡೆಗೂ ಸರಿಸಿದರು. ಆಕೆ ಅಳುತ್ತಲೇ ಸುಲಿಯತೊಡಗಿದರು.

"ಮನೆಗೆ ಬನ್ನಿ ಗೌರಮ್ಮ" ಎಂದೆ.

"ಇಲ್ಲೇ ಇರ್ತೀನಿ ಕಣಪ್ಪ. ಇಲ್ಲಿ ಯಾರೂ ಅಳ್ಬೇಡ ಅನ್ನಲ್ಲ."

ಸಂಜೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಆಗ ಮಾವ, ಯಾರೂ ಕೇಳದೆ, ತಾವಾಗಿ ಬಾಯಿ ಬಿಟ್ಟರು.

"ನಾಳೀಕೂ ಬಾ ತಾಯಿ. ಕಾಯಿ ಇನ್ನೂ ಅವೆ."

ಬುಟ್ಟಿಯಲ್ಲಿ ಒಂದು ಕಾಯಿಯೂ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಮಾವ ಎಲ್ಲರಿಗಿಂತ ಮೊದಲೆದ್ದು ನಂಜನಗೂಡಿನ ಮಾರ್ಕೆಟ್ಟಿಗೆ ಹೋಗಿ, ಒಂದು ಚೀಲ ಅವರೆಕಾಯಿ ಹೊತ್ತು ತಂದರು.